ಅಲ್ಬೇನಿಯಾದ ಊಟದ ಮನೆಯಲ್ಲಿ ಬೇಡ ಅಂದರೂ ತಟ್ಟೆ ಬಂತು. ಮೋಸವಾ, ನಮ್ಮ ತಪ್ಪಾ?

ತುಂಗಾತೀರದವಳು
ಎಲ್ಲರಿಗೂ ನಮಸ್ಕಾರ. ನಾವಿರುವುದು ಜರ್ಮನಿಯಲ್ಲಿ. ಕಳೆದ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ನಾನು, ನನ್ನ ಗಂಡ ಎಂಟು ದಿನ ಅಲ್ಬೇನಿಯಾ ಸುತ್ತಿ ಬಂದೆವು. ತಿರಾನಾ, ಕ್ರುಯಾ, ಬೆರಾತ್, ಜಿರೋಕಾಸ್ತರ್. ಊರುಗಳೆಲ್ಲ ತುಂಬ ಇಷ್ಟ ಆದವು. ಬೆರಾತ್‌ನ ಒಂದು ಊಟ ಮಾತ್ರ ಇನ್ನೂ ಮನಸ್ಸಿನಲ್ಲಿ ಕೊರೀತಾ ಇದೆ.

ಬೆರಾತ್ ಕೋಟೆಯೊಳಗೆ ಈಗಲೂ ಜನ ವಾಸ ಇದ್ದಾರೆ. ಅಲ್ಲಿ ಒಂದು ಹಳೇ ಕಲ್ಲಿನ ಮನೆಯಲ್ಲೇ ಊಟದ ಹೋಟೆಲ್ ನಡೆಸುತ್ತಾರೆ. ವಯಸ್ಸಾದ ಗಂಡ ಹೆಂಡತಿ. ಅಜ್ಜಿ ಅಡುಗೆ, ಅಜ್ಜ ಬಡಿಸುವುದು. ಅಜ್ಜನಿಗೆ ಬರುವುದು ನಾಲ್ಕೇ ನಾಲ್ಕು ಇಂಗ್ಲಿಷ್ ಮಾತು. ಇಂಡಿಯಾ ಅಂದ ಕೂಡಲೇ ಎದೆ ಮುಟ್ಟಿಕೊಂಡು ಮದರ್ ತೆರೇಸಾ ಹೆಸರು ಹೇಳಿದರು. ನಾವು ಮನೆಯವರೆಲ್ಲ ಸಸ್ಯಾಹಾರಿಗಳು, ನನ್ನ ಗಂಡ ಒಬ್ಬರು ಬಿಟ್ಟು.

ಈಗ ಆಗಿದ್ದು ಹೇಳ್ತೀನಿ. ತುಂಬಿದ ದೊಣ್ಣೆಮೆಣಸಿನಕಾಯಿ ತೋರಿಸಿ "ಮೀಟ್?" ಅಂತ ಕೇಳಿದೆ. ಅಜ್ಜ ಇಲ್ಲ ಅಂತ ತಲೆ ಆಡಿಸಿದರು. ತರಿಸಿದೆವು. ಒಳಗೆ ಅನ್ನದ ಜೊತೆ ಖೀಮಾ! ಅಪ್ಪ ಬಾಯಿಗೆ ಇಡುವ ಮೊದಲೇ ನನ್ನ ಗಂಡ ಒಡೆದು ನೋಡಿದ್ದರು, ಬಚಾವಾದೆವು. ಆಮೇಲೆ ಪೂರಿ ಥರದ್ದು ಏನೋ ಬೇಕಾ ಅಂತ ಕೇಳಿದರು. ಅಮ್ಮ ಬೇಡ ಬೇಡ ಅಂತ ತಲೆ ಅಲ್ಲಾಡಿಸಿದರು. ಅಜ್ಜ ನಗುನಗುತ್ತಾ ಒಳಗೆ ಹೋಗಿ ತಟ್ಟೆ ತುಂಬ ತಂದರು. ಮತ್ತೆ ಬೇಡ ಅಂದರೆ ಇನ್ನೊಂದು ತಟ್ಟೆ! ಕೊನೆಗೆ ನಾವು ಹೇಳದೇ ಇದ್ದ ಅಂಜೂರ, ದ್ರಾಕ್ಷಿ, ಒಂದು ಸಿಹಿ, ಚಿಕ್ಕ ಗ್ಲಾಸಿನಲ್ಲಿ ರಾಕಿ ಅನ್ನುವ ಮದ್ಯ. ಬಿಲ್ ಎಷ್ಟು ಅಂದರೆ "ಥರ್ಟಿ ಎಯ್ಟ್ ಥೌಸಂಡ್" ಅಂದರು. ಅಪ್ಪನ ಮುಖ ಬಿಳಿಚಿಕೊಂಡಿತು. ಚೀಟಿ ನೋಡಿದರೆ 3,800 ಲೆಕ್ (ಅಲ್ಲಿನ ದುಡ್ಡು) ಇತ್ತು. ಅಷ್ಟು ಕೊಟ್ಟು, ಹಣ್ಣು, ಸಿಹಿ, ರಾಕಿ ಒಂದನ್ನೂ ಮುಟ್ಟದೆ ಎದ್ದು ಬಂದೆವು. ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಮುಖ ಪೆಚ್ಚಾಯಿತು. ಆ ಮುಖ ಮರೆಯೋಕೆ ಆಗ್ತಾ ಇಲ್ಲ.

ಅವರು ಮೋಸ ಮಾಡೋಕೆ ನೋಡಿದರಾ? ಇಲ್ಲಾ ನಾವೇ ತಪ್ಪು ತಿಳಿದೆವಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಮಿರ್ಚಿ
ಅಕ್ಕ, ಇದರಾಗ ಯೋಚನೆ ಮಾಡೋದು ಏನೈತ್ರಿ? ಪ್ರವಾಸಿಗರನ್ನು ಕಂಡರೆ ಎಲ್ಲಾ ದೇಶದಲ್ಲೂ ಇದೇ ಆಟ. ಕೇಳದೇ ತಂದಿಟ್ಟು ಬಿಲ್‌ಗೆ ಸೇರಿಸೋದು. ಮುಟ್ಟದೇ ಬಂದಿದ್ದು ಒಳ್ಳೇದಾಯ್ತು.

ಕಾಲುದಾರಿ
ಇಲ್ಲ, ತುಸು ನಿಲ್ಲಿ. ನಾನು ಮೂರು ಸಲ ಹೋಗಿದ್ದೇನೆ. ಮೂವತ್ತೆಂಟು ಸಾವಿರದ ಕಥೆ ಮೋಸ ಅಲ್ಲವೇ ಅಲ್ಲ. 1965ರಲ್ಲಿ ಆ ದೇಶ ದುಡ್ಡಿನ ಒಂದು ಸೊನ್ನೆ ತೆಗೆದುಹಾಕಿತು. ಹತ್ತು ಹಳೇ ಲೆಕ್‌ಗೆ ಒಂದು ಹೊಸ ಲೆಕ್. ಆದರೆ ಜನರ ಬಾಯಲ್ಲಿ ಹಳೇ ಲೆಕ್ಕವೇ ಉಳಿದುಬಿಟ್ಟಿದೆ. ಅರವತ್ತು ವರ್ಷ ಆದರೂ ಸಂತೆಯಲ್ಲಿ, ಟ್ಯಾಕ್ಸಿಯಲ್ಲಿ, ಹಳೇ ಹೋಟೆಲ್‌ಗಳಲ್ಲಿ ಸೊನ್ನೆ ಸೇರಿಸಿಯೇ ಹೇಳುತ್ತಾರೆ. ಬರೆಯುವಾಗ ಮಾತ್ರ ಹೊಸದು. ಅಜ್ಜ ಹೇಳಿದ 38,000 ಹಳೇದು, ಚೀಟಿಯ 3,800 ಹೊಸದು. ಎರಡೂ ಒಂದೇ ಮೊತ್ತ.

ನಮ್ಮಲ್ಲಿ ಹಿರಿಯರು ನಾಲ್ಕಾಣೆ, ಎಂಟಾಣೆ ಅಂತಿದ್ದರಲ್ಲ, ಹಾಗೆ. ಅನುಮಾನ ಬಂದರೆ "ತ ವ್ಯೆತ್ರಾ ಅಪೊ ತ ರೆಯಾ?" ಅಂತ ಕೇಳಿ. ಹಳೇದಾ ಹೊಸದಾ ಅಂತ ಅರ್ಥ. ಒಂದು ಯೂರೋಗೆ ಸುಮಾರು 100 ಹೊಸ ಲೆಕ್. ನಾಲ್ಕು ಜನಕ್ಕೆ 38 ಯೂರೋ ಅಂದರೆ ನ್ಯಾಯವಾದ ಬಿಲ್.

ತುಂಗಾತೀರದವಳು
ಅಯ್ಯೋ ದೇವರೇ. ಚೀಟಿ ಕೇಳಿದ ಮೇಲೆ ಹೆದರಿ ಕಡಿಮೆ ಮಾಡಿದರು ಅಂತ ನಾವು ಅಂದುಕೊಂಡಿದ್ದೆವು.

ಡಚ್ಚರ ನಾಡಿನ ಗೌಡ
ಮೇಡಂ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಿಮ್ಮ ಕಷ್ಟಕ್ಕೆಲ್ಲ ಕಾರಣ ತಲೆ! ಅಂದರೆ ತಲೆ ಆಡಿಸುವ ರೀತಿ.

ಅಲ್ಬೇನಿಯಾದ ಹಳೇ ತಲೆಮಾರಿನವರು ಹೌದು ಅನ್ನೋಕೆ ತಲೆಯನ್ನು ನಿಧಾನವಾಗಿ ಆ ಕಡೆ ಈ ಕಡೆ ಆಡಿಸುತ್ತಾರೆ. ಇಲ್ಲ ಅನ್ನೋಕೆ ತಲೆ ಮೇಲಕ್ಕೆ ಎತ್ತಿ ಹುಬ್ಬು ಏರಿಸುತ್ತಾರೆ, ಕೆಲವರು ನಾಲಗೆಯಲ್ಲಿ ಲೊಚ್ ಅಂತ ಸದ್ದು ಮಾಡುತ್ತಾರೆ. ಬಲ್ಗೇರಿಯಾದಲ್ಲೂ ಹೀಗೇ. ಈಗ ಮತ್ತೆ ನೆನಪು ಮಾಡಿಕೊಳ್ಳಿ. ನೀವು ಮೀಟ್ ಅಂತ ಕೇಳಿದಿರಿ, ಅಜ್ಜ ತಲೆ ಅಡ್ಡ ಆಡಿಸಿದರು. ಹೌದು, ಮಾಂಸ ಇದೆ ಅಂತ ಹೇಳಿದ್ದು ಅದು. ಅಮ್ಮ ಬೇಡ ಅಂತ ತಲೆ ಅಡ್ಡ ಆಡಿಸಿದರು. ಅಜ್ಜನಿಗೆ ಕಂಡಿದ್ದು ಹೌದು, ಇನ್ನೂ ತನ್ನಿ!

ಅರಿಶಿನ ಕುಂಕುಮ
ಪಾಪ ಅಮ್ಮ ಬೇಡ ಅಂದಷ್ಟೂ ತಟ್ಟೆ ಬಂದಿದೆ. ಆ ಅಜ್ಜನಿಗೆ ಎಷ್ಟು ಖುಷಿ ಆಗಿರಬೇಕು, ಈ ಅಮ್ಮನಿಗೆ ನಮ್ಮ ಅಡುಗೆ ಎಷ್ಟು ಇಷ್ಟ ಆಗಿದೆ ಅಂತ.

ಕೋಡುಬಳೆ
ಗೌಡರೇ, ಪೂರ್ತಿ ಒಪ್ಪಲ್ಲ. ತಿರಾನಾದಲ್ಲಿ ನಾನು ನೋಡಿದ ಹುಡುಗರೆಲ್ಲ ನಮ್ಮ ಹಾಗೇ ತಲೆ ಆಡಿಸುತ್ತಿದ್ದರು. ಇಟಲಿಯ ಟಿವಿ ನೋಡಿ ಬೆಳೆದವರು, ವಿದೇಶದಲ್ಲಿ ದುಡಿದು ಬಂದವರು. ಪ್ರವಾಸಿಗರ ಜೊತೆ ಮಾತಾಡುವಾಗ ಬೇಕಂತಲೇ ಬದಲಿಸುವವರೂ ಇದ್ದಾರೆ. ಆಗ ಇನ್ನೂ ಗೊಂದಲ. ತಲೆ ನಂಬಲೇಬೇಡಿ. ಬಾಯಲ್ಲಿ ಹೇಳಿ. "ಪೊ" ಅಂದರೆ ಹೌದು, "ಯೊ" ಅಂದರೆ ಇಲ್ಲ. ಎರಡೇ ಅಕ್ಷರ.

ಡಚ್ಚರ ನಾಡಿನ ಗೌಡ
ಸರಿ, ಅದಕ್ಕೇ ಹಳೇ ತಲೆಮಾರು ಅಂದೆ. ಇಲ್ಲಿ ಅಜ್ಜ ಅಜ್ಜಿ ಅಲ್ವಾ.

ಮಲೆನಾಡ ಮಿಡಿ
ಹಣ್ಣು ರಾಕಿ ವಿಷಯಕ್ಕೆ ಬರೋಣ. ಊಟ ಆದ ಮೇಲೆ ಹೆಚ್ಚಿದ ಹಣ್ಣು, ಒಂದು ಗುಟುಕು ರಾಕಿ ಕೊಡುವುದು ಅಲ್ಲಿ ಬಹಳ ಕಡೆ ಇರುವ ಮರ್ಯಾದೆ. ಮನೆಯವರೇ ನಡೆಸುವ ಚಿಕ್ಕ ಹೋಟೆಲ್‌ಗಳಲ್ಲಿ ಅದಕ್ಕೆ ದುಡ್ಡು ತಗೊಂಡಿದ್ದು ನಾನಂತೂ ನೋಡಿಲ್ಲ. ಅತಿಥಿಗೆ ಏನು ಕೊಡಬೇಕು ಅನ್ನೋಕೆ ಅವರಲ್ಲಿ ಒಂದು ಮಾತಿದೆ: "ಬುಕ್ ಎ ಕ್ರಿಪ್ ಎ ಝೆಮರ್". ರೊಟ್ಟಿ, ಉಪ್ಪು, ಹೃದಯ. ಕಾನೂನ್ ಅಂತ ಅವರ ಹಳೇ ಕಟ್ಟುಪಾಡು ಇದೆ. ಅದರ ಪ್ರಕಾರ ಅಲ್ಬೇನಿಯನ್ನನ ಮನೆ ದೇವರಿಗೆ ಮತ್ತು ಅತಿಥಿಗೆ ಸೇರಿದ್ದು. ಅತಿಥಿ ಹಸಿದು ಹೋದರೆ ಮನೆಗೆ ಅವಮಾನ.

ಕುಡಿಯದವರು ಸುಮ್ನೆ ಗ್ಲಾಸ್ ಎತ್ತಿ "ಗೆಜುವಾರ್" ಅಂದು ತುಟಿಗೆ ತಾಗಿಸಿ ಇಟ್ಟರೂ ಆಯಿತು. ಅದೂ ಆಗದಿದ್ದರೆ ಎದೆಯ ಮೇಲೆ ಕೈಯಿಟ್ಟು "ಫಾಲೆಮಿಂದೆರಿತ್" ಅನ್ನಿ. ಯಾರೂ ಬಲವಂತ ಮಾಡುವುದಿಲ್ಲ.

ಕಾಲುದಾರಿ
ಒಂದು ತಿದ್ದುಪಡಿ. ನೀವು ಹೇಳಿದ ಕಾನೂನ್, ಲೆಕ್ ದುಕಾಜಿನಿ ಅನ್ನುವ ಹಳೇ ಸರದಾರನ ಹೆಸರಿನದು, ಉತ್ತರದ ಬೆಟ್ಟ ಸೀಮೆಯದು. ಬೆರಾತ್ ಇರುವುದು ದಕ್ಷಿಣಕ್ಕೆ. ಅಲ್ಲಿ ಆ ಕಟ್ಟಳೆ ನಡೆಯುತ್ತಿರಲಿಲ್ಲ. ಅತಿಥಿ ಸತ್ಕಾರ ಮಾತ್ರ ಎರಡೂ ಕಡೆ ಇದೆ, ಅದು ನಿಜ.

ಹುಬ್ಬಳ್ಳಿ ಮಿರ್ಚಿ
ಸರಿ, ಅಜ್ಜ ಅಜ್ಜಿ ವಿಷಯದಾಗ ನನ್ನ ಮಾತು ವಾಪಸ್ ತಗೋತೀನ್ರಿ. ಆದರೆ ಇಡೀ ದೇಶ ದೇವಲೋಕ ಅನ್ನೋ ಹಾಗೆ ಬರೀಬೇಡಿ. ಕ್ಸಾಮಿಲ್ ಕಡಲ ತೀರದಲ್ಲಿ ಒಂದು ಹೋಟೆಲ್‌ನವರು ನಮಗೆ ಮೀನು ತೋರಿಸಿ ರೇಟ್ ಹೇಳಿದರು. ತಟ್ಟೆಗೆ ಅಂದುಕೊಂಡೆವು, ಅದು ಕಿಲೋಗೆ! ತೂಕ ಮಾಡಿದ್ದು ನಾವು ನೋಡಲೇ ಇಲ್ಲ. ಮೂರು ಜನಕ್ಕೆ ಬಂದ ಬಿಲ್‌ನಲ್ಲಿ ತಿರಾನಾದಲ್ಲಿ ನಾಲ್ಕು ದಿನ ಉಣ್ಣಬಹುದಿತ್ತು.

ಕೋಡುಬಳೆ
ಅದು ಅಲ್ಬೇನಿಯಾದ್ದಲ್ಲ ಸರ್, ಕಡಲ ತೀರದ ಹೋಟೆಲ್‌ಗಳ ಬುದ್ಧಿ. ಗ್ರೀಸ್, ಕ್ರೊಯೇಷಿಯಾ, ಎಲ್ಲಾ ಕಡೆ ಮೀನು ಕಿಲೋ ಲೆಕ್ಕವೇ. ಕಣ್ಣೆದುರು ತೂಗಿಸಿ, ಮೊತ್ತ ಬರೆಸಿಕೊಂಡು ಆಮೇಲೆ ಬೇಯಿಸಿ ಅನ್ನಬೇಕು.

ಹುಬ್ಬಳ್ಳಿ ಮಿರ್ಚಿ
ಕಿಸೆ ಹಗುರ ಆದಮ್ಯಾಲೆ ಅದು ಗೊತ್ತಾತ್ರಿ. ಹೊಸಬರು ಕಳ್ಕೋಬಾರದು ಅಂತ ಹೇಳಿದೆ.

ಸೊಪ್ಪುಸಾರು
ಸಸ್ಯಾಹಾರಿಗಳಿಗೆ ನನ್ನ ಅನುಭವ ಬರೀತೀನಿ. ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ. ಹನ್ನೆರಡು ದಿನ ಇದ್ದೆ, ಒಂದು ದಿನವೂ ಉಪವಾಸ ಬೀಳಲಿಲ್ಲ.

ಮೊದಲು ಮೋಸ ಹೋಗುವ ಜಾಗಗಳು. ತುಂಬಿದ ಮೆಣಸಿನಕಾಯಿ, "ಸ್ಪೆತ್ಸಾ ತ ಬುಶುರಾ". ಒಂದು ಮನೆಯಲ್ಲಿ ಬರೀ ಅನ್ನ ತುಂಬುತ್ತಾರೆ, ಪಕ್ಕದ ಮನೆಯಲ್ಲಿ ಖೀಮಾ ಸೇರಿಸುತ್ತಾರೆ. ಹೆಸರು ಮಾತ್ರ ಒಂದೇ. ಫೆರ್ಗೆಸ್ ತಿರಾನಾದ ಹೆಮ್ಮೆಯ ಅಡುಗೆ. ಕೆಂಪು ಮೆಣಸಿನಕಾಯಿ, ಟೊಮೆಟೊ, ಜೀಝ್ ಅನ್ನುವ ಪುಡಿ ಪುಡಿ ಗಿಣ್ಣು, ಎಲ್ಲ ಮಣ್ಣಿನ ಕುಡಿಕೆಯಲ್ಲಿ ಕುದ್ದು ಬರುತ್ತದೆ. ಅದ್ಭುತ! ಆದರೆ ಕರುವಿನ ಮಾಂಸ ಅಥವಾ ಈಲಿ ಹಾಕಿದ ಫೆರ್ಗೆಸ್ ಕೂಡ ಇದೆ. ಕೇಳಲೇಬೇಕು. ಪಿಲಾಫ್ ಅನ್ನ ಬೆಳ್ಳಗೆ ಮುಗ್ಧವಾಗಿ ಕಾಣುತ್ತದೆ. ಬಹಳ ಕಡೆ ಮಾಂಸ ಬೇಯಿಸಿದ ನೀರಿನಲ್ಲೇ ಮಾಡುತ್ತಾರೆ. ಹುರುಳಿಕಾಳಿನ ಹಾಗೆ ಸಾರು ಸಾರಾಗಿ ಬರುವ ಬೀನ್ಸ್ ಕಾಳು "ಫಾಸುಲೆ"ಗೂ ಒಣ ಮಾಂಸದ ತುಂಡು ಹಾಕುವುದುಂಟು.

ಇಂಗ್ಲಿಷ್‌ನಲ್ಲಿ ವೆಜಿಟೇರಿಯನ್ ಅಂದರೆ ಹಿರಿಯರಿಗೆ ಅರ್ಥ ಆಗದೇ ಇರಬಹುದು. "ಪಾ ಮಿಶ್, ಪಾ ಪೆಶ್ಕ್, ಪಾ ವೆಝ್" ಅನ್ನಿ. ಮಾಂಸ ಇಲ್ಲದೆ, ಮೀನು ಇಲ್ಲದೆ, ಮೊಟ್ಟೆ ಇಲ್ಲದೆ. ಜೊತೆಗೆ "ಪಾ ಲಂಗ್ ಮಿಶಿ" ಸೇರಿಸಿ, ಮಾಂಸದ ಸಾರು ಇಲ್ಲದೆ ಅಂತ. ಇದನ್ನು ಅವರ ಭಾಷೆಯಲ್ಲಿ ಒಂದು ಚೀಟಿಯಲ್ಲಿ ಬರೆಸಿಟ್ಟುಕೊಂಡಿದ್ದೆ. ಗೆಸ್ಟ್‌ಹೌಸ್‌ನವರೇ ಬರೆದುಕೊಟ್ಟರು. ಚೀಟಿ ತೋರಿಸಿದರೆ ಸೀದಾ ಅಡುಗೆಮನೆಗೆ ಕರೆದುಕೊಂಡು ಹೋಗಿ ಪಾತ್ರೆ ಮುಚ್ಚಳ ತೆಗೆದು ತೋರಿಸಿದವರೂ ಇದ್ದಾರೆ.

ಹೊಟ್ಟೆ ತುಂಬ ತಿಂದಿದ್ದು: ಪಾಲಕ್ ಬ್ಯುರೆಕ್ (ತೆಳು ಹಿಟ್ಟಿನ ಪದರಗಳ ನಡುವೆ ಪಲ್ಯ ತುಂಬಿ ಸುಟ್ಟದ್ದು), ಕುಂಬಳಕಾಯಿ ಬ್ಯುರೆಕ್, ಈರುಳ್ಳಿ ಟೊಮೆಟೊ ಬ್ಯುರೆಕ್. ಜೋಳದ ರೊಟ್ಟಿ, ಅಂದರೆ ನಮ್ಮ ಬಿಳಿ ಜೋಳ ಅಲ್ಲ, ಮೆಕ್ಕೆಜೋಳದ್ದು, ದಪ್ಪಗೆ ಇರುತ್ತದೆ. ಬದನೆಕಾಯಿ ಎಣ್ಣೆಯಲ್ಲಿ ಬೆಂದದ್ದು. ಆಲಿವ್. ಉಪ್ಪಿನ ನೀರಿನಲ್ಲಿ ಹಾಕಿದ ತರಕಾರಿ, "ತುರ್ಶಿ". ಕೊನೆಗೆ ಮೊಸರು, ಮೇಲೆ ಜೇನುತುಪ್ಪ. ಟೊಮೆಟೊ ರುಚಿ ಹೇಗಿರಬೇಕು ಅನ್ನೋದನ್ನು ನಾನು ಅಲ್ಲಿ ಮತ್ತೆ ಕಂಡೆ.

ತುಂಗಾತೀರದವಳು
ಪಿಲಾಫ್ ಅಪ್ಪ ಎರಡು ಸಲ ಹಾಕಿಸಿಕೊಂಡು ತಿಂದಿದ್ದರು. ಈ ವಿಷಯ ಅವರಿಗೆ ಹೇಳುವುದಿಲ್ಲ.

ಗೋಕರ್ಣದ ಭಟ್ಟ
ಹಾಗಾದರೆ ಅಲ್ಲಿನ ಚೀಸ್ ಬಗ್ಗೆಯೂ ಯೋಚಿಸಿ. ಸಾಂಪ್ರದಾಯಿಕ ಬಿಳಿ ಚೀಸ್ ಹೆಪ್ಪುಗಟ್ಟಿಸುವುದು ಕರು ಅಥವಾ ಕುರಿಮರಿಯ ಹೊಟ್ಟೆಯ ರೆನೆಟ್ ಅನ್ನುವ ಹೆಪ್ಪಿನಿಂದ. ಅದು ಸಸ್ಯಾಹಾರ ಹೇಗಾಗುತ್ತದೆ?

ಸೊಪ್ಪುಸಾರು
ಭಟ್ಟರೇ, ನಿಜ. ನಾನು ಅಷ್ಟರಮಟ್ಟಿಗೆ ಪಾಲಿಸುವುದಿಲ್ಲ. ಪಾಲಿಸುವವರು ಚೀಸ್ ಬಿಟ್ಟು ಫಾಸುಲೆ, ಬದನೆಕಾಯಿ, ಸಲಾಡ್, ರೊಟ್ಟಿಯಲ್ಲಿ ಇರಬಹುದು.

ಗೋಕರ್ಣದ ಭಟ್ಟ
ಸ್ಪಷ್ಟವಾಗಿ ಹೇಳಿದಿರಿ, ಸಂತೋಷ.

ಬೆಣ್ಣೆದೋಸೆ ಬ್ರಾಂಚ್
ತುಂಬ ದಿನದಿಂದ ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತ್ತು. ಶ್ಕೊದರ್ ಊರಿನ ಮೆನುವಿನಲ್ಲಿ ನಮ್ಮತ್ತೆ "ದಾಲ್" ಅಂತ ಓದಿದರು. ನಾಲ್ಕು ದಿನ ಬ್ರೆಡ್ ತಿಂದು ಬೇಸತ್ತಿದ್ದವರು, ಬೇಳೆ ಸಿಕ್ಕಿತು ಅಂತ ಕಣ್ಣು ಅರಳಿಸಿಕೊಂಡು ಎರಡು ದಾಲ್ ಹೇಳಿದರು. ಬಂದಿದ್ದು ದೊಡ್ಡ ಗ್ಲಾಸಿನಲ್ಲಿ ತಣ್ಣನೆ ಮಜ್ಜಿಗೆ, ಉಪ್ಪು ಹಾಕಿದ್ದು! ಅವರ ಭಾಷೆಯಲ್ಲಿ ಮಜ್ಜಿಗೆಗೆ ಹಾಗೇ ಅನ್ನುತ್ತಾರೆ. ಹೊರಗೆ 36 ಡಿಗ್ರಿ ಬಿಸಿಲು. ಅತ್ತೆ ಒಂದೇ ಉಸಿರಿಗೆ ಕುಡಿದು, ಇನ್ನೊಂದು ಹೇಳು ಅಂದರು. ಅಲ್ಲಿಂದ ಮುಂದೆ ಎಲ್ಲಿ ಹೋದರೂ ಮೊದಲು ದಾಲ್. ಒಗ್ಗರಣೆ, ಇಂಗು ಒಂದು ಇದ್ದಿದ್ದರೆ ನಮ್ಮ ಮನೆಯದೇ.

ಅರಿಶಿನ ಕುಂಕುಮ
ಮಜ್ಜಿಗೆ ಸಿಗುವ ದೇಶದಲ್ಲಿ ಹೆದರುವುದು ಏನಿದೆ!

ಕರಾವಳಿ ಕಾಕ
ಉತ್ತರಕ್ಕೆ ಹೋದವರು ಫ್ಲಿ ತಿಂದಿದ್ದೀರಾ? ನಾನು ತೆಥ್ ಬೆಟ್ಟದ ಹಳ್ಳಿಯ ಮನೆಯಲ್ಲಿ ತಿಂದೆ. ಹಿಟ್ಟು, ನೀರು, ಉಪ್ಪು ಕಲಸಿ ನೀರುದೋಸೆ ಹಿಟ್ಟಿನ ಹದ ಮಾಡುತ್ತಾರೆ. ದೊಡ್ಡ ತಟ್ಟೆಯಲ್ಲಿ ತೆಳ್ಳಗೆ ಗೆರೆ ಗೆರೆಯಾಗಿ ಹೊಯ್ದು, ಮೇಲೆ ಕಬ್ಬಿಣದ ಮುಚ್ಚಳ ಮುಚ್ಚುತ್ತಾರೆ. ಆ ಮುಚ್ಚಳಕ್ಕೆ "ಸಾಚ್" ಅನ್ನುತ್ತಾರೆ. ಅದನ್ನು ಕೆಂಡದಲ್ಲಿ ಕಾಯಿಸಿ ಇಟ್ಟಿರುತ್ತಾರೆ, ಬೇಯುವುದು ಮೇಲಿನ ಕಾವಿನಿಂದ. ಒಂದು ಪದರ ಬೆಂದ ಮೇಲೆ ಬೆಣ್ಣೆ, ಕೆನೆ ಸವರಿ ಇನ್ನೊಂದು ಪದರ. ಹೀಗೇ ಗಂಟೆಗಟ್ಟಲೆ. ಮನೆಯ ಹೆಂಗಸರು ಸುತ್ತ ಕೂತು ಮಾತಾಡುತ್ತಾ ಮಾಡುತ್ತಾರೆ. ಮಾಂಸ ಇಲ್ಲ, ಮೊಟ್ಟೆ ಇಲ್ಲ. ನಮ್ಮ ಕಡೆ ಮಣ್ಣಿ ಮಾಡುವ ತಾಳ್ಮೆ ನೆನಪಾಯಿತು.

ಮಾರನೇ ದಿನ ತಿನ್ನಬೇಕು ಅಂದರೆ ಹಿಂದಿನ ದಿನವೇ ಹೇಳಬೇಕು. ನೀವು ಹೋದ ಕೂಡಲೇ ಸಿಗುವ ತಿಂಡಿ ಅಲ್ಲ ಅದು.

ಪದಪ್ರಿಯ
ಮಾತು ಬೇರೆ ಕಡೆ ಎಳೆಯುತ್ತಿದ್ದೇನೆ, ಕ್ಷಮಿಸಿ. ಮೇಲೆ ಕಾನೂನ್ ಅಂದರಲ್ಲ, ಅದು ನಮ್ಮ ಕಾನೂನು ಪದವೇ. ಅವರಿಗೆ ಅಟೋಮನ್ ತುರ್ಕರಿಂದ ಹೋಯಿತು, ನಮಗೆ ಅರಬ್ಬಿ ಪಾರಸಿಯಿಂದ ಬಂತು. ಅಲ್ಲಿ ಪೇಟೆಗೆ "ಪಜಾರ್", ಅಂಗಡಿಗೆ "ದ್ಯುಚಾನ್", ನಮ್ಮ ಬಜಾರು, ದುಕಾನು. ಸಕ್ಕರೆಗೆ "ಶೆಚೆರ್". ಇದು ಹೊರಟಿದ್ದೇ ಸಂಸ್ಕೃತದ ಶರ್ಕರಾ ಪದದಿಂದ. ಹಲ್ವಾ ಹಲ್ವಾನೇ. ಮೆನು ಓದುತ್ತಾ ಕೂತರೆ ಅರ್ಧ ಪರಿಚಯದವರೇ ಸಿಗುತ್ತಾರೆ.

ಕಾಲುದಾರಿ
ತಾವ್ ಕೋಸಿ ಬಗ್ಗೆ ಯಾರೂ ಹೇಳಲೇ ಇಲ್ಲ! ಎಲ್ಬಸಾನ್ ಊರಿನ ಹೆಸರು ಹೊತ್ತ ಅಡುಗೆ. ಕುರಿಮರಿಯ ಮಾಂಸದ ಮೇಲೆ ಮೊಸರು, ಮೊಟ್ಟೆ ಕದಡಿ ಸುರಿದು ಒಲೆಯಲ್ಲಿ ಬೇಯಿಸುವುದು. ಮೇಲೆ ಕಂದು ಕೆನೆ, ಒಳಗೆ ಮೆತ್ತಗೆ, ತುಸು ಹುಳಿ. ಮಾಂಸ ತಿನ್ನುವವರು ಇದನ್ನು ಬಿಟ್ಟು ಬಂದರೆ ನನಗೆ ಬೇಜಾರಾಗುತ್ತದೆ.

ಹುಬ್ಬಳ್ಳಿ ಮಿರ್ಚಿ
ಅದಕ್ಕ ಒಂದು ಚಮಚ ಕೆಂಪು ಚಟ್ನಿ ಬೇಕಾಗಿತ್ತು. ಖಾರನೇ ಇಲ್ಲ.

ಕಾಲುದಾರಿ
ಇಲ್ಲಪ್ಪ, ಅದರ ಸೊಗಸು ಆ ಹುಳಿಯಲ್ಲೇ ಇದೆ. ಚಟ್ನಿ ಹಾಕಿದರೆ ಮೊಸರಿನ ರುಚಿ ಸತ್ತೇ ಹೋಗುತ್ತದೆ.

ಹುಬ್ಬಳ್ಳಿ ಮಿರ್ಚಿ
ನಿಮ್ಮ ನಾಲಗೆ ನಿಮಗ, ನಮ್ಮ ನಾಲಗೆ ನಮಗ.

ಊರುಗೋಲು
ನಾನು 2019ರಲ್ಲಿ ಜಿರೋಕಾಸ್ತರ್‌ನಲ್ಲಿ ಒಂದು ವಾರ ಇದ್ದೆ. ಮನೆಯೊಡತಿ ಎಪ್ಪತ್ತು ದಾಟಿದವರು. ಅವರ ಮಗಳು ತರ್ಜುಮೆ ಮಾಡುತ್ತಿದ್ದಳು. ದಿನಾ ಚಿಫ್ಚಿ ಮಾಡುತ್ತಿದ್ದರು. ಅನ್ನ, ಮೊಟ್ಟೆ, ಪುದೀನ ಕಲಸಿ ಪಡ್ಡಿನ ಕಾವಲಿ ಥರದ ಗುಳಿ ಇರುವ ಪಾತ್ರೆಯಲ್ಲಿ ಸುಡುತ್ತಾರೆ. ಆ ಊರಿನದೇ ತಿಂಡಿ. ಸಾಕು ಅಂದರೂ ತಟ್ಟೆಗೆ ಹಾಕುತ್ತಿದ್ದರು. ಒಂದು ದಿನ ನಾನು ಜೋರಾಗಿಯೇ ಬೇಡ ಅಂದೆ. ಆಗ ಅವರು ಹೇಳಿದ ಮಾತು. 1980ರ ದಶಕದಲ್ಲಿ ಮಕ್ಕಳಿಗೆ ಹಾಲು ಬೇಕು ಅಂದರೆ ಬೆಳಗಿನ ಜಾವ ಮೂರು ಗಂಟೆಗೆ ಸಾಲಿನಲ್ಲಿ ನಿಲ್ಲಬೇಕಿತ್ತಂತೆ. ಮಾಂಸ ಚೀಟಿಯ ಮೇಲೆ, ಅದೂ ಅಳತೆ ಮಾಡಿ. ಮನೆಗೆ ನೆಂಟರು ಬಂದರೆ ಅವರ ತಾಯಿ ತಾನು ಉಣ್ಣದೆ ಬಡಿಸುತ್ತಿದ್ದರಂತೆ. ಆ ದೇಶವನ್ನು ಆಳಿದ ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೋಜಾ ಅದೇ ಊರಿನವನು. ಅವನು ಕಟ್ಟಿದ ಆಡಳಿತ ಬಿದ್ದಿದ್ದು 1991ರಲ್ಲಿ. ಖಾಸಗಿ ಹೋಟೆಲ್ ಅನ್ನುವುದು ಅಲ್ಲಿ ಅದರ ನಂತರ ಬಂದದ್ದು.

ಅಜ್ಜಿ ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದರು ಅಂತ ನೀವು ಬರೆದಿದ್ದು ಓದಿದಾಗ ನನಗೆ ಆಕೆಯೇ ನೆನಪಾದರು. ಆ ವಯಸ್ಸಿನವರಿಗೆ ತುಂಬಿದ ಮೇಜು ಅಂದರೆ ಬರೀ ವ್ಯಾಪಾರ ಅಲ್ಲ.

ಅರಿಶಿನ ಕುಂಕುಮ
ಓದಿ ಕಣ್ಣು ತುಂಬಿತು.

ಶ್ರುತಿಪೆಟ್ಟಿಗೆ
ಊಟದ ಜೊತೆ ಹಾಡು ಕೇಳಿದವರು ಇದ್ದೀರಾ? ದಕ್ಷಿಣದಲ್ಲಿ ನಾಲ್ಕೈದು ಜನ ಗಂಡಸರು ಮೇಜಿನ ಸುತ್ತ ಕೂತು ವಾದ್ಯವೇ ಇಲ್ಲದೆ ಹಾಡುತ್ತಾರೆ. ಒಬ್ಬ ಶುರು ಮಾಡುತ್ತಾನೆ, ಇನ್ನೊಬ್ಬ ಉತ್ತರ ಕೊಡುತ್ತಾನೆ, ಉಳಿದವರು ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ. ಆ ಹಿಡಿದ ಸ್ವರಕ್ಕೆ "ಇಸೊ" ಅನ್ನುತ್ತಾರೆ. ತಂಬೂರಿ ಶ್ರುತಿ ಮನುಷ್ಯರ ಗಂಟಲಿನಿಂದ ಬಂದ ಹಾಗೆ. ಯುನೆಸ್ಕೊ ಕೂಡ ಈ ಗಾಯನವನ್ನು ಗುರುತಿಸಿದೆ. ಅವರು ಹಾಡುವಾಗ ಚಮಚದ ಸದ್ದು ಮಾಡಬೇಡಿ, ದಯವಿಟ್ಟು.

ಹೊಸಬ 24
ಇಂಡಿಯನ್ ಪಾಸ್‌ಪೋರ್ಟ್‌ಗೆ ವೀಸಾ ಬೇಕಾ?

ಕೋಡುಬಳೆ
ವೀಸಾಕ್ಕೆ ಬೇರೆ ಚರ್ಚೆ ಶುರು ಮಾಡಿ. ನಿಯಮ ಬದಲಾಗುತ್ತಿರುತ್ತದೆ, ಅವರ ವಿದೇಶಾಂಗ ಇಲಾಖೆಯ ತಾಣ ನೋಡಿ. ಕೈಯಲ್ಲಿ ನಗದು ಲೆಕ್ ಇಟ್ಟುಕೊಂಡು ಹೋಗಿ, ಅದು ಮಾತ್ರ ಇಲ್ಲಿಗೆ ಸಂಬಂಧಿಸಿದ್ದು. ಹಳೇ ಊಟದ ಮನೆಗಳಲ್ಲಿ ಕಾರ್ಡ್ ತಗೊಳ್ಳದವರು ಜಾಸ್ತಿ.

ತುಂಗಾತೀರದವಳು
ಎಲ್ಲರಿಗೂ ತುಂಬ ಧನ್ಯವಾದ. ಎರಡು ವಿಷಯ ಹೇಳಬೇಕು.

ಒಂದು, ನನ್ನ ಗಂಡನ ಫೋನಿನಲ್ಲಿ ಬಿಲ್ ಫೋಟೊ ಇತ್ತು. ನಿನ್ನೆ ರಾತ್ರಿ ಕೂತು ಒಂದೊಂದೇ ಸಾಲು ಓದಿದೆವು. ಫೆರ್ಗೆಸ್ ಎರಡು, ಫಾಸುಲೆ, ಮೆಣಸಿನಕಾಯಿ, ಬ್ಯುರೆಕ್ ಎರಡು, ಸಲಾಡ್ ಎರಡು, ಪಿಲಾಫ್, ರೊಟ್ಟಿ, ನೀರು. ಅಷ್ಟೇ. ಅಮ್ಮನಿಗೆ ತಂದ ಆ ಪೂರಿಯ ಎರಡು ತಟ್ಟೆ ಇಲ್ಲ. ಹಣ್ಣು ಇಲ್ಲ, ಸಿಹಿ ಇಲ್ಲ, ರಾಕಿ ಇಲ್ಲ. ಒಂದಕ್ಕೂ ದುಡ್ಡು ಹಾಕಿಲ್ಲ.

ಎರಡು, ಬೆರಾತ್‌ನಲ್ಲಿ ನಾವಿದ್ದ ಗೆಸ್ಟ್‌ಹೌಸ್ ಹುಡುಗಿಗೆ ವಾಟ್ಸಾಪ್ ಮಾಡಿ ನಡೆದಿದ್ದೆಲ್ಲ ಬರೆದೆ. ಅವಳಿಗೆ ಆ ಅಜ್ಜ ಅಜ್ಜಿ ಗೊತ್ತು. ಸಂಜೆ ಕೋಟೆ ಹತ್ತಿ ಹೋಗಿ ಮಾತಾಡಿ ಬಂದಳು. ಅಜ್ಜಿಗೆ ನಮ್ಮಮ್ಮ ನೆನಪಿದ್ದಾರಂತೆ, ಪೆತುಲಾ ಕೇಳಿ ಕೇಳಿ ಹಾಕಿಸಿಕೊಂಡ ಸೀರೆಯ ಹೆಂಗಸು ಅಂತ. ಪೂರಿ ಥರದ್ದು ಅಂದೆನಲ್ಲ, ಅದರ ಹೆಸರು ಪೆತುಲಾ. ಆದರೆ ಗ್ಲಿಕೊ, ಅಂದರೆ ಕೊನೆಗೆ ಇಟ್ಟ ಆ ಸಿಹಿ, ಯಾಕೆ ಮುಟ್ಟಲಿಲ್ಲ, ಹಾಳಾಗಿತ್ತಾ ಅಂತ ಅಜ್ಜಿ ಅವತ್ತು ರಾತ್ರಿ ಬಾಟಲಿ ತೆಗೆದು ತಾವೇ ರುಚಿ ನೋಡಿದರಂತೆ.

ಅಮ್ಮನಿಗೆ ಇದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಶಿವಮೊಗ್ಗದಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಸೀಸೆ ತಂದು ಮೇಜಿನ ಮೇಲೆ ಇಟ್ಟು, ಪೋಸ್ಟ್‌ನಲ್ಲಿ ಕಳಿಸೋಕೆ ಆಗುತ್ತಾ ಕೇಳು ಅಂದರು. ಜರ್ಮನಿಯಿಂದ ಅಲ್ಬೇನಿಯಾಕ್ಕೆ ಉಪ್ಪಿನಕಾಯಿ ಕಳಿಸಿದವರು ಯಾರಾದರೂ ಇದ್ದೀರಾ?

ಮಲೆನಾಡ ಮಿಡಿ
ಎಣ್ಣೆ ಸೋರುತ್ತದೆ ಮೇಡಂ, ಮುಚ್ಚಳಕ್ಕೆ ಟೇಪ್ ಸುತ್ತಿ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಅಲ್ಬೇನಿಯಾ ಯುರೋಪಿಯನ್ ಯೂನಿಯನ್ ಒಳಗಿಲ್ಲ, ಆದ್ದರಿಂದ ಕಸ್ಟಮ್ಸ್ ಚೀಟಿ ತುಂಬಬೇಕು. ಮನೆಯಲ್ಲಿ ಮಾಡಿದ ಉಪ್ಪಿನಕಾಯಿ ಬಿಡುತ್ತಾರಾ ಅಂತ ಮೊದಲು ಪೋಸ್ಟ್‌ನವರನ್ನು ಕೇಳಿ.

ಡಚ್ಚರ ನಾಡಿನ ಗೌಡ
ನಾನು ಸೆಪ್ಟೆಂಬರ್‌ನಲ್ಲಿ ಬೆರಾತ್‌ಗೆ ಹೋಗುತ್ತಿದ್ದೇನೆ. ಅದಕ್ಕೂ ಮುಂಚೆ ಮ್ಯೂನಿಕ್‌ಗೆ ಕೆಲಸದ ಮೇಲೆ ಬರುವುದಿದೆ. ಸೀಸೆ ನನ್ನ ಕೈಗೆ ಕೊಡಿ, ಚೆಕ್ ಇನ್ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತೇನೆ. ಆ ಮನೆ ಕೋಟೆಯೊಳಗೆ ಯಾವ ಕಡೆ ಇದೆ, ನನಗೆ ಖಾಸಗಿಯಾಗಿ ಬರೆಯಿರಿ.

ತುಂಗಾತೀರದವಳು
ಬರೆದೆ ಸರ್. ಅಮ್ಮ ಎರಡು ಸೀಸೆ ಮಾಡ್ತಿದ್ದಾರೆ, ಒಂದು ನಿಮಗೆ.